ಮಳೆ ಇಲ್ಲ ಅಂದ್ರೆ ಕಡಲಿಗೆ ಇಳಿಯಬಹುದಾ?

ಸೆಪ್ಟೆಂಬರ್‌ನಲ್ಲಿ ಗಂಗೊಳ್ಳಿಯಿಂದ ಗೆಳೆಯನ ಸಣ್ಣ ದೋಣಿಯಲ್ಲಿ ಗಾಳ ಹಾಕಲು ಹೋಗಬೇಕು, ಮೊಬೈಲ್ ಮಳೆ ಇಲ್ಲ ಅಂತಿದೆ, ಹೋಗಬಹುದಾ ಎಂದು ಕೇಳಿದ್ದೀರಿ.

ಮಳೆ ನೋಡಿ ಹೊರಡಬೇಡಿ. ನಾನು ಇದೇ ಕಡೆಯವನು, ಚಿಕ್ಕಂದಿನಿಂದ ದೋಣಿ ಹತ್ತಿದವನು. ಹೊರಗಿನ ಕಡಲಿಗಿಂತ ನನಗೆ ಅಳಿವೆಯದ್ದೇ, ಅಂದರೆ ನದಿ ಕಡಲು ಸೇರುವ ಬಾಯಿಯದ್ದೇ, ಹೆದರಿಕೆ ಜಾಸ್ತಿ. ಗಂಗೊಳ್ಳಿಯಲ್ಲಿ ಐದು ನದಿಗಳ ನೀರು ಒಂದೇ ಬಾಗಿಲಲ್ಲಿ ಕಡಲು ಸೇರುತ್ತದೆ. ಇಳಿತದ ಹೊತ್ತಿಗೆ ಆ ನೀರೆಲ್ಲ ಹೊರಗೆ ನುಗ್ಗುತ್ತದೆ, ಎದುರಿನಿಂದ ತೆರೆ ಒಳಗೆ ಬರುತ್ತದೆ. ಕೆಳಗೆ ಮರಳ ದಿಬ್ಬ ಬೇರೆ. ಹೊರಗೆ ಮೆತ್ತಗೆ ಏರಿಳಿಯುತ್ತಿದ್ದ ತೆರೆ ಅಲ್ಲಿ ಗೋಡೆಯಂತೆ ಎದ್ದು ನಿಂತು ಒಡೆಯುತ್ತದೆ.

ನಮಗೂ ಒಮ್ಮೆ ಹಾಗೇ ಆಯಿತು. ಬಿಸಿಲು ಚೆನ್ನಾಗಿತ್ತು, ಮಧ್ಯಾಹ್ನ ಎರಡರ ಹೊತ್ತಿಗೆ ವಾಪಸ್ ಬರುತ್ತಿದ್ದೆವು. ಇಳಿತ ಜೋರಾಗಿತ್ತು. ಹಿಂದಿನಿಂದ ಬಂದ ತೆರೆ ದೋಣಿಯ ಹಿಂಭಾಗವನ್ನೇ ಎತ್ತಿತು. ದೋಣಿ ಮುಂದೆ ತಳ್ಳುವ ಎಂಜಿನ್ನಿನ ಫ್ಯಾನು ನೀರು ಬಿಟ್ಟು ಮೇಲೆ ಬಂದು ಕಿರ್ರನೆ ಕೂಗಿತು. ದೋಣಿ ಅಡ್ಡ ತಿರುಗಿತು, ಮುಂದಿನ ತೆರೆಗೆ ಮಗುಚಿತು. ಲೈಫ್ ಜಾಕೆಟ್ ಮೂರೂ ಹಲಗೆಯ ಕೆಳಗೆ ಹಗ್ಗದಲ್ಲಿ ಕಟ್ಟಿದ್ದವು. ಹಿಂದೆ ಬರುತ್ತಿದ್ದ ನಾಡದೋಣಿಯವರು ಎಳೆದುಕೊಂಡಿದ್ದಕ್ಕೆ ಬದುಕಿದೆವು. ಆವತ್ತಿನಿಂದ ದಡದಲ್ಲೇ ಜಾಕೆಟ್ ಹಾಕಿ ಬಕಲ್ ಬಿಗಿದ ಮೇಲೇ ನಾನು ದೋಣಿ ಹತ್ತುವುದು.

ಹೊರಡುವ ಮುಂಚೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಕಡಲ ಮುನ್ಸೂಚನೆ ನೋಡಿ. ಅಲ್ಲಿ ತೆರೆಯ ಎತ್ತರ 2 ಮೀಟರ್ ಎಂದಿದ್ದರೆ ಎಲ್ಲ ತೆರೆಯೂ ಅಷ್ಟೇ ಎಂದಲ್ಲ. ಅದು ದೊಡ್ಡ ಮೂರನೇ ಒಂದು ಪಾಲಿನ ತೆರೆಗಳ ಸರಾಸರಿ. ನಡುವೆ ಒಂದೊಂದು ಅದರ ಎರಡರಷ್ಟೂ ಬರಬಹುದು. ಒಂದು ತೆರೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಸೆಕೆಂಡು ಎಂಬುದನ್ನೂ ನೋಡಿ. 15 ಸೆಕೆಂಡು ದಾಟಿದರೆ ಅದು ದಕ್ಷಿಣದ ದೂರದ ಸಮುದ್ರದಲ್ಲಿ ಗಾಳಿ ಎಬ್ಬಿಸಿದ ತೆರೆ. ಇಲ್ಲಿ ಎಲೆಯೂ ಅಲುಗದಿರಬಹುದು, ದಡಕ್ಕೆ ಮಾತ್ರ ಜೋರಾಗಿ ಬಡಿಯುತ್ತದೆ. ಕೇರಳದವರು ಇಂಥ ಕಡಲಿಗೆ 'ಕಳ್ಳಕ್ಕಡಲ್' ಎನ್ನುತ್ತಾರೆ. ಸರಿಯಾದ ಹೆಸರು ಅಲ್ವಾ?

ಇನ್ನು ಗಾಳಿ. ಮಳೆಗಾಲ ಕಡಿಮೆಯಾದ ಮೇಲೆ ಬೆಳಿಗ್ಗೆ ಸಾಮಾನ್ಯವಾಗಿ ಕಡಲು ತಣ್ಣಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಡುಗಾಳಿ ಏರುತ್ತದೆ. ಹಾಗಾಗಿ ನಸುಕಿಗೆ ಹೋಗಿ ಹನ್ನೊಂದರೊಳಗೆ ಬನ್ನಿ. ಹೋಗುವ ಹೊತ್ತಿಗಿಂತ ಬರುವ ಹೊತ್ತು ಮುಖ್ಯ. ಅಳಿವೆಗೆ ಬರುವಾಗ ಭರತ, ಅಂದರೆ ಕಡಲಿನ ಉಬ್ಬರ, ಏರುತ್ತಿರಬೇಕು. ಬಂದ ಕೂಡಲೇ ನುಗ್ಗಬೇಡಿ, ಹೊರಗೇ ನಿಂತು ತೆರೆ ನೋಡಿ. ದೊಡ್ಡವು ಮೂರೋ ನಾಲ್ಕೋ ಒಟ್ಟಿಗೆ ಬರುತ್ತವೆ, ಆಮೇಲೆ ಸ್ವಲ್ಪ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಒಂದು ತೆರೆಯ ಬೆನ್ನ ಹಿಂದೆಯೇ ಒಳಗೆ ಬನ್ನಿ, ಅದನ್ನು ದಾಟಲು ಹೋಗಬೇಡಿ.

ಕೋಸ್ಟ್ ಗಾರ್ಡ್ ನಂಬರ್ 1554, ಕರಾವಳಿ ಪೊಲೀಸ್ 1093. ಫೋನನ್ನು ನೀರು ಹೋಗದ ಕವರಿನಲ್ಲಿ ಹಾಕಿ ಮೈಮೇಲೇ ಇಟ್ಟುಕೊಳ್ಳಿ. ಎಷ್ಟು ಗಂಟೆಗೆ ಬರುತ್ತೀರಿ ಎಂದು ಬಂದರಿನಲ್ಲಿ ಯಾರಿಗಾದರೂ ಹೇಳಿ ಹೋಗಿ. ಅಲ್ಲಿನ ಮೀನುಗಾರರು "ಇವತ್ತು ಬೇಡ" ಅಂದರೆ ಸುಮ್ನೆ ವಾದ ಮಾಡಬೇಡಿ.

ನೀವು ಕಡಲಿಗೆ ಹೋಗುವ ತಾರೀಖು ಇಲ್ಲೇ ಬರೆಯಿರಿ. ಆ ದಿನ ಭರತ ಎಷ್ಟು ಹೊತ್ತಿಗೆ ಎಂದು ನೋಡಿ ಹೇಳುತ್ತೇನೆ.