ಮರಿ ತನ್ನ ಕಕ್ಕ ತಾನೇ ತಿನ್ನುತ್ತೆ ಅಂದಿದ್ದಕ್ಕೆ

ಐದು ತಿಂಗಳ ಲ್ಯಾಬ್ರಡಾರ್ ಮರಿ ಬಾಲ್ಕನಿಯಲ್ಲಿ ಕಕ್ಕ ಮಾಡಿ ತಾನೇ ತಿನ್ನುತ್ತೆ, ಹೊಡೆದರೂ ಬಿಡಲ್ಲ, ಈ ಚಟ ಬಿಡಿಸೋಕೆ ಅನಾನಸ್ ಕೊಡಲಾ ಅಂತ ಕೇಳಿದ್ದೀರಿ.

ಮೊದಲು ಹೊಡೆಯೋದು ನಿಲ್ಲಿಸಿ. ನೀವು ಓಡಿ ಬಂದಷ್ಟೂ ಅದು ಬೇಗ ನುಂಗೋದು ಕಲಿಯುತ್ತೆ. ಜಯನಗರದ ನಮ್ಮ ಮನೆ ಟೆರೇಸಿನಲ್ಲಿ ಆಗಿದ್ದೂ ಅದೇ. ನಾನು ಕೂಗಿದ್ದೇ ತಡ, ನಮ್ಮ ನಾಯಿ ಕರಿಯನ ಕಣ್ಣು ನನ್ನ ಕಡೆ, ಬಾಯಿ ಕೆಲಸದ ಕಡೆ. ಆಮೇಲೆ ಸೀದಾ ಹೋಗಿ ಅಜ್ಜಿಯ ಮುಖ ನೆಕ್ಕಿದ!

ಅನಾನಸ್ ನಾನೂ ಕೊಟ್ಟೆ. ಹಣ್ಣೂ ತಿಂದ, ಅದನ್ನೂ ತಿಂದ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲೂ ಇದನ್ನು ಬಿಡಿಸೋಕೆ ಅಂತ ಮಾರುವ ಪುಡಿ, ಮಾತ್ರೆಗಳಿಂದ ಹೆಚ್ಚುಕಮ್ಮಿ ಏನೂ ಉಪಯೋಗ ಆಗಿರಲಿಲ್ಲ. ಸುಮ್ನೆ ದುಡ್ಡು ದಂಡ.

ನಮಗೆ ಕೆಲಸ ಮಾಡಿದ್ದು ಬೆಲ್ಟ್ ಮತ್ತು ಚಿಕನ್. ಊಟ ಆದ ಸ್ವಲ್ಪ ಹೊತ್ತಿಗೆ ಬೆಲ್ಟ್ ಹಾಕಿ ಕರೆದುಕೊಂಡು ಹೋಗಿ. ಕಕ್ಕ ಮುಗಿದ ತಕ್ಷಣ ಹೆಸರು ಕರೆದು ಬೇಯಿಸಿದ ಚಿಕನ್ ಚೂರು ಕೊಡಿ. ಅದು ಜಗಿಯುವಷ್ಟರಲ್ಲಿ ಹಳೇ ಪೇಪರಿನಲ್ಲಿ ಎತ್ತಿಬಿಡಿ. ಒಂದು ತಿಂಗಳಾದ ಮೇಲೆ ಕರಿಯ ಮುಗಿಸಿ ತಾನೇ ನನ್ನ ಜೇಬು ಮೂಸೋಕೆ ಶುರು ಮಾಡಿದ.

ಒಮ್ಮೆ ಕಕ್ಕ ಪರೀಕ್ಷೆ ಮಾಡಿಸಿ, ಜಂತು ಇದ್ದರೂ ಇರಬಹುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ತೋರಿಸಬಹುದು. ತಿಂದಷ್ಟೂ ಸಣ್ಣಗಾಗ್ತಿದ್ದರೆ, ಭೇದಿ ಇದ್ದರೆ ಮಾತ್ರ ತಡ ಮಾಡಬೇಡಿ. ಬೀದಿಯಲ್ಲಿ ಬೇರೆ ನಾಯಿಗಳದ್ದಕ್ಕೆ ಬಾಯಿ ಹಾಕೋಕೆ ಬಿಡಲೇಬೇಡಿ, ಪಾರ್ವೋ ಅನ್ನೋ ವೈರಸ್ ಕಾಯಿಲೆ ಹರಡೋದು ಹಾಗೇನೇ. ಲಸಿಕೆ ಎಲ್ಲಾ ಆಗಿದೆ ಅಲ್ವಾ?