ಚುಕ್ಕಾಣಿಯೊಳಗೆ ಸೇರಿದ ನೀರು

ಪ್ರಶ್ನೆ: ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅನ್ನಾಪೊಲಿಸ್‌ನಲ್ಲಿರುವ ನನ್ನ ಬಳಿ 1980ರ ದಶಕದಲ್ಲಿ ತಯಾರಾದ 30 ಅಡಿಯ ಹಾಯಿದೋಣಿಯೊಂದಿದೆ. ಚಳಿಗಾಲಕ್ಕೆಂದು ಅದನ್ನು ಚೆಸಪೀಕ್ ಕೊಲ್ಲಿಯಿಂದ ದಡಕ್ಕೆ ಎತ್ತಿಸಿ ಹತ್ತು ದಿನಗಳಾದರೂ ಚುಕ್ಕಾಣಿಯ (ನೀರಿನೊಳಗಿದ್ದು ದೋಣಿಯನ್ನು ತಿರುಗಿಸುವ ಹಿಂಬದಿಯ ಹಲಗೆ) ಕೆಳತುದಿಯಿಂದ ಕಂದು ಬಣ್ಣದ ನೀರು ತೊಟ್ಟಿಕ್ಕುತ್ತಲೇ ಇದೆ. ಕೆಳಗೊಂದು ರಂಧ್ರ ಕೊರೆದು, ನೀರು ಬಸಿದುಹೋದ ಮೇಲೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಿಂದ ಮುಚ್ಚಿದರೆ ಸಾಕೆಂದು ದುರಸ್ತಿಯವರು ಹೇಳುತ್ತಾರೆ. ಇಷ್ಟರಿಂದಲೇ ನಿಶ್ಚಿಂತೆಯಾಗಿ ಇರಬಹುದೇ?
– ಓದುಗರೊಬ್ಬರು, ಅನ್ನಾಪೊಲಿಸ್

ಉತ್ತರ: ಇರಲಾಗದು. ರಂಧ್ರವನ್ನು ಖಂಡಿತ ಕೊರೆಸಿ, ಅದೂ ನೀರು ಹೆಪ್ಪುಗಟ್ಟುವ ಚಳಿ ಬರುವುದಕ್ಕೆ ಮೊದಲೇ ಕೊರೆಸಿ. ಮಂಜುಗಡ್ಡೆಯಾಗುವಾಗ ನೀರು ಸುಮಾರು ಶೇಕಡ 9ರಷ್ಟು ಹಿಗ್ಗುವುದರಿಂದ ಚುಕ್ಕಾಣಿಯ ಎರಡು ಹೋಳುಗಳನ್ನು ಅಂಟಿಸಿದ ಅಂಚು ಒಂದೇ ರಾತ್ರಿಯಲ್ಲಿ ಸೀಳಬಹುದು. ಆದರೆ ಬಸಿದ ಮೇಲೆ ಅವಸರದಿಂದ ಮುಚ್ಚಬೇಡಿ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಆ ನೀರಿನ ಕಂದು ಬಣ್ಣ; ಅದು ಒಳಗಿನ ಉಕ್ಕಿಗೆ ತುಕ್ಕು ಹಿಡಿದಿರಬಹುದೆಂಬ ಸುಳಿವು.

ಆ ಕಾಲದ ಬಹುಪಾಲು ಚುಕ್ಕಾಣಿಗಳು ಒಂದೇ ಬಗೆಯವು: ಎರಡು ಫೈಬರ್‌ಗ್ಲಾಸ್ ಚಿಪ್ಪುಗಳು, ನಡುವೆ ಫೋಮ್, ಅದರೊಳಗೆ ಇಳಿದ ಸ್ಟೇನ್‌ಲೆಸ್ ಸ್ಟೀಲ್ ದಂಡ, ಮತ್ತು ದಂಡ ತಿರುಗಿದಾಗ ಇಡೀ ಹಲಗೆಯೂ ತಿರುಗುವಂತೆ ಅದಕ್ಕೆ ಬೆಸೆದ ಲೋಹದ ಪಟ್ಟಿಗಳು. ಬಿಸಿಲು ಚಳಿಗೆ ಉಕ್ಕು ಹಿಗ್ಗಿ ಕುಗ್ಗುವ ಪ್ರಮಾಣವೂ ಫೈಬರ್‌ಗ್ಲಾಸಿನದೂ ಒಂದೇ ಅಲ್ಲ. ಫೈಬರ್‌ಗ್ಲಾಸಿನಲ್ಲಿ ಬಳಸುವ ಪಾಲಿಯೆಸ್ಟರ್ ರಾಳವಂತೂ ನುಣುಪಾದ ಉಕ್ಕಿಗೆ ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲ. ಹೀಗಾಗಿ ದಂಡವು ಹಲಗೆಯೊಳಗೆ ಇಳಿಯುವ ಮೇಲಿನ ಜಾಗದಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟು, ನೀರು ಅಲ್ಲಿಂದ ಇಳಿಯುತ್ತದೆ.

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದೇ ಎಂದು ನೀವು ಕೇಳಬಹುದು. ಅದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದ ಪೊರೆಯೊಂದನ್ನು ಕಟ್ಟುತ್ತದೆ. ಗೀರು ಬಿದ್ದರೂ ಆಮ್ಲಜನಕ ಸಿಗುತ್ತಿರುವಷ್ಟು ಕಾಲ ಆ ಪೊರೆ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ. ಸಂದಿನಲ್ಲಿ ನಿಂತ ಉಪ್ಪುನೀರಿನಲ್ಲಿ ಆಮ್ಲಜನಕ ಬೇಗ ತೀರಿಹೋಗಿ, ಕ್ಲೋರೈಡ್ ಮತ್ತು ಆಮ್ಲೀಯತೆ ಹೆಚ್ಚಿ, ಪೊರೆ ಹರಿದ ಜಾಗದಲ್ಲಿ ಲೋಹ ಆಳವಾಗಿ ಕೊರೆದುಹೋಗುತ್ತದೆ. ಉಪ್ಪು ತಳದಲ್ಲಿ ಕೂತ ಸ್ಟೀಲ್ ಪಾತ್ರೆಯನ್ನು ಹಾಗೆಯೇ ಬಿಟ್ಟರೆ ಸೂಜಿಮೊನೆಯಷ್ಟು ಕುಳಿಗಳು ಬೀಳುವುದನ್ನು ನೀವು ಮನೆಯಲ್ಲೇ ನೋಡಿರಬಹುದು. ನಮ್ಮ ಹಿರಿಯರು ಉಪ್ಪನ್ನು ಭರಣಿಯಲ್ಲಿ ಇಡುತ್ತಿದ್ದುದು ಸುಮ್ಮನೆ ಅಲ್ಲ. ಬೆಸುಗೆಯ ಸುತ್ತ ಈ ಕೊರೆತ ಇನ್ನೂ ಬೇಗ ಸಾಗುತ್ತದೆ, ಏಕೆಂದರೆ ಬೆಸುಗೆಯ ಶಾಖಕ್ಕೆ ಕ್ರೋಮಿಯಂ ಇಂಗಾಲದೊಡನೆ ಕೂಡಿಕೊಂಡು ಅಕ್ಕಪಕ್ಕದ ಲೋಹ ಬಡವಾಗಿರುತ್ತದೆ. ಪಟ್ಟಿಗಳ ಬೆಸುಗೆ ಬಿಟ್ಟರೆ ದೋಣಿ ನಡೆಸುವವರ ಕೈಯಲ್ಲಿರುವ ಚಕ್ರ ತಿರುಗುತ್ತದೆ, ದೋಣಿ ತಿರುಗುವುದಿಲ್ಲ; ಹಾಗಾಗುವುದು ಸಾಮಾನ್ಯವಾಗಿ ಗಾಳಿ ಜೋರಾಗಿ ಚುಕ್ಕಾಣಿಯ ಮೇಲೆ ಹೊರೆ ಹೆಚ್ಚಿರುವ ಹೊತ್ತಿನಲ್ಲಿ.

ಆದ್ದರಿಂದ ಮೊದಲು ಒಬ್ಬರಿಗೆ ಚಕ್ರವನ್ನು ಬಿಗಿಯಾಗಿ ಹಿಡಿದು ನಿಲ್ಲಲು ಹೇಳಿ, ನೀವು ಹಲಗೆಯ ಹಿಂದಂಚನ್ನು ಎರಡೂ ಕಡೆಗೆ ನೂಕಿ ನೋಡಿ. ದಂಡ ಅಲುಗದೆ ಹಲಗೆ ಮಾತ್ರ ಅಲುಗಿದರೆ ಬೆಸುಗೆ ಬಿಟ್ಟಿದೆ ಎಂದೇ ತಿಳಿಯಿರಿ, ದೋಣಿಯನ್ನು ನೀರಿಗಿಳಿಸಬೇಡಿ. ಬಳಿಕ ಪ್ಲಾಸ್ಟಿಕ್ ಸುತ್ತಿಗೆಯಿಂದ, ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ, ಉದ್ದಕ್ಕೂ ತಟ್ಟುತ್ತಾ ಬನ್ನಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಚಿಪ್ಪು ಫೋಮಿನಿಂದ ಬಿಟ್ಟುಕೊಂಡ ಜಾಗ ಮಂಕಾಗಿ ಸದ್ದು ಮಾಡುತ್ತದೆ. ತೇವಾಂಶ ಅಳೆಯುವ ಉಪಕರಣವನ್ನು ಇಲ್ಲಿ ಹೆಚ್ಚು ನಂಬಬೇಡಿ, ಹಲಗೆಗೆ ಬಳಿದ ತಾಮ್ರ ಬೆರೆತ ಪೇಂಟೂ ಒಳಗಿನ ಉಕ್ಕೂ ಅದನ್ನು ದಾರಿ ತಪ್ಪಿಸುತ್ತವೆ.

ಅಲುಗಾಟ ಕಾಣದಿದ್ದರೂ, ಕಂದು ನೀರು ಬಂದಿರುವುದರಿಂದ, ಚುಕ್ಕಾಣಿಯನ್ನು ಇಳಿಸಿ ಒಂದು ಬದಿಯ ಚಿಪ್ಪನ್ನು ಕತ್ತರಿಸಿ ತೆರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಒದ್ದೆ ಫೋಮನ್ನು ಪೂರ್ತಿ ಕೆರೆದು ತೆಗೆಯಿರಿ. ರಂಧ್ರ ಕೊರೆದು ಗಾಳಿಗಿಟ್ಟ ಮಾತ್ರಕ್ಕೆ ಅದು ಒಣಗುವುದಿಲ್ಲ. ಪ್ರತಿ ಬೆಸುಗೆಯನ್ನೂ ಉಜ್ಜಿ, ಬಿರುಕು ತೋರಿಸುವ ಬಣ್ಣದ ದ್ರಾವಣ ಹಚ್ಚಿ ಪರೀಕ್ಷಿಸಿ. ದಂಡದಲ್ಲೇ ಆಳವಾದ ಕುಳಿಗಳಿದ್ದರೆ ಅದನ್ನು ಬದಲಿಸಲೇಬೇಕು. ಆಗ ಹೊಸ ಚುಕ್ಕಾಣಿಯ ಬೆಲೆಯನ್ನೂ ವಿಚಾರಿಸಿ. ದಂಡ ಗಟ್ಟಿಯಾಗಿದ್ದರೆ ಹೊಸ ಫೋಮ್ ತುಂಬಿ, ಕತ್ತರಿಸಿದ ಅಂಚನ್ನು ಚಿಪ್ಪಿನ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಎಪಾಕ್ಸಿ ಮತ್ತು ಗಾಜಿನ ಬಟ್ಟೆಯಿಂದ ಮುಚ್ಚಿಸಿ.

ಕೊನೆಗೆ, ನೀರು ಇಳಿದ ಆ ಮೇಲಿನ ಜಾಗದಲ್ಲಿ ದಂಡದ ಸುತ್ತ ಸಣ್ಣ ಕಾಲುವೆ ತೋಡಿ ಪಾಲಿಸಲ್ಫೈಡಿನಂಥ ಬಾಗುವ ಸೀಲಂಟ್ (ಸಂದು ಮುಚ್ಚುವ ಅಂಟು) ತುಂಬಿಸಿ. ಅಲ್ಲಿ ಎಪಾಕ್ಸಿ ತುಂಬಿದರೆ ಅದು ಮತ್ತೆ ಬಿರಿಯುತ್ತದೆ. ಪ್ರತಿ ಚಳಿಗಾಲ ದೋಣಿಯನ್ನು ಎತ್ತಿಸಿದಾಗ ಆ ಸುತ್ತನ್ನು ಬೆರಳಿನಿಂದ ಒತ್ತಿ ನೋಡಿ. ಎಲ್ಲಿಯಾದರೂ ಬಿಟ್ಟುಕೊಂಡಿದ್ದರೆ ಕೆರೆದು ತೆಗೆದು ಹೊಸದಾಗಿ ತುಂಬಿಸಿ.