ಸೈನಿಕರ ಪಿಂಚಣಿಗೆ ಪೂರ್ಣ ತೆರಿಗೆ ವಿನಾಯಿತಿ ಬೇಕೆ?

ಮಾನ್ಯರೇ, ಹದಿನೇಳು ವರ್ಷ ಸೇನೆಯಲ್ಲಿದ್ದು ಈಗ ಬ್ಯಾಂಕಿನಲ್ಲಿ ದುಡಿಯುತ್ತಿರುವ ನಿಮ್ಮ ಅಣ್ಣನವರ ಪಿಂಚಣಿಗೆ ತೆರಿಗೆಯೇಕೆ, ಅದನ್ನು ಪೂರ್ತಿ ಮನ್ನಾ ಮಾಡಬಾರದೇ ಎಂದು ಕೇಳಿದ್ದೀರಿ.

ಸೇವಾ ಪಿಂಚಣಿಯನ್ನು ಕಾನೂನು ಸಂಬಳದಂತೆಯೇ ಪರಿಗಣಿಸುತ್ತದೆ. ಆದರೆ ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಪಡೆದವರ ಪಿಂಚಣಿಗೂ, ಕಾರ್ಯಾಚರಣೆಯಲ್ಲಿ ಮಡಿದವರ ಕುಟುಂಬ ಪಿಂಚಣಿಗೂ, ಸೇವೆಯಿಂದಾದ ಅಂಗವೈಕಲ್ಯದ ಕಾರಣಕ್ಕೆ ಸೇನೆಯಿಂದ ಬಿಡುಗಡೆಗೊಂಡವರ ಅಂಗವೈಕಲ್ಯ ಪಿಂಚಣಿಗೂ ವಿನಾಯಿತಿ ಇದೆ.

ಎಲ್ಲರಿಗೂ ವಿನಾಯಿತಿ ಬೇಕೆಂಬ ವಾದವನ್ನು ನಾನು ಒಪ್ಪಲಾರೆ. 2025-26ರಿಂದ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 75,000 ರೂಪಾಯಿಗಳ ಪ್ರಮಾಣಿತ ಕಡಿತವೂ (ತೆರಿಗೆ ಲೆಕ್ಕ ಹಾಕುವ ಮುನ್ನ ಆದಾಯದಿಂದ ಕಳೆಯುವ ನಿಗದಿತ ಮೊತ್ತ) ಸೇರಿ ವರ್ಷಕ್ಕೆ 12.75 ಲಕ್ಷದವರೆಗಿನ ಪಿಂಚಣಿಗೆ ತೆರಿಗೆ ಬೀಳದಿರುವಾಗ, ಪಿಂಚಣಿಯೊಂದನ್ನೇ ನಂಬಿರುವ ಸಿಪಾಯಿ, ಹವಾಲ್ದಾರರಿಗೆ ಹೊಸ ವಿನಾಯಿತಿಯಿಂದ ಸಿಗುವುದೇನೂ ಇಲ್ಲ. ಲಾಭವೆಲ್ಲ ಉನ್ನತ ಅಧಿಕಾರಿಗಳ ಪಾಲಾಗುತ್ತದೆ.

ನಿಮ್ಮ ಅಣ್ಣನವರ ಅಳಲು ಬೇರೆಯದು, ಅದರಲ್ಲಿ ಹುರುಳಿದೆ. ನಲವತ್ತಕ್ಕೂ ಮೊದಲೇ ಸಮವಸ್ತ್ರ ಕಳಚಿಡಬೇಕಾದುದು ಸೇನೆಯನ್ನು ಯುವಕರದ್ದಾಗಿ ಉಳಿಸಿಕೊಳ್ಳಲು ಸರ್ಕಾರವೇ ಮಾಡಿದ ವ್ಯವಸ್ಥೆ. ಹೀಗಿರುವಾಗ ಎರಡನೆಯ ಉದ್ಯೋಗದ ಸಂಬಳಕ್ಕೆ ಪಿಂಚಣಿಯನ್ನೂ ಕೂಡಿಸಿ ಮೇಲಿನ ಹಂತದ ತೆರಿಗೆ ವಿಧಿಸುವುದು ನ್ಯಾಯವೆನಿಸುವುದಿಲ್ಲ. ಇಂಥವರ ಪಿಂಚಣಿಗೆ ಪ್ರತ್ಯೇಕ ಕಡಿತ ಕೊಟ್ಟರೆ ಸಾಕು. ಅದಕ್ಕಿಂತ ತುರ್ತಾದುದು, ಗಾಯಗೊಂಡೂ ಸೇವಾವಧಿ ಪೂರೈಸಿ ನಿವೃತ್ತರಾದವರ ವಿಷಯ: 2019ರ ಜೂನ್ ತಿಂಗಳ ಸುತ್ತೋಲೆ ಅವರನ್ನು ಅಂಗವೈಕಲ್ಯ ಪಿಂಚಣಿಯ ವಿನಾಯಿತಿಯಿಂದ ಹೊರಗಿಟ್ಟಿತು, ಅಂದರೆ ನೋವು ನುಂಗಿಕೊಂಡು ದುಡಿದುದೇ ತಪ್ಪಾಯಿತು.

ಸದ್ಯಕ್ಕೆ ಅಣ್ಣನವರು ಪಿಂಚಣಿಯ ವಿವರವನ್ನು ಬ್ಯಾಂಕಿನ ಸಂಬಳ ವಿಭಾಗಕ್ಕೂ ತಿಳಿಸಲಿ; ಇಲ್ಲವಾದರೆ ಎರಡೂ ಕಡೆ ಕಡಿಮೆ ತೆರಿಗೆ ಕಡಿತವಾಗಿ, ರಿಟರ್ನ್ ಸಲ್ಲಿಸುವಾಗ ಬಡ್ಡಿಸಮೇತ ಕಟ್ಟಬೇಕಾದೀತು.